ಅಡಿಬರಹವು ಭಿಕ್ಷೆಯಲ್ಲ

ಪುಸ್ತಕವೊಂದು ಅಚ್ಚಾದ ಮೇಲೆ ಅದರಲ್ಲಿ ಮುದ್ರಣದೋಷಗಳು ಕಂಡುಬಂದರೆ ಕೊನೆಯ ಪುಟದಲ್ಲಿ ತಪ್ಪೊಪ್ಪೋಲೆಯನ್ನು ಸೇರಿಸುವುದು ಕನ್ನಡ ಪ್ರಕಾಶಕರಲ್ಲಿ ಬಹುಕಾಲದಿಂದ ನಡೆದುಬಂದ ಮರ್ಯಾದೆ. ಒಂದು ಸೊನ್ನೆ ಬಿಟ್ಟುಹೋದರೆ ಗ್ರಂಥಕರ್ತನು ನಾಚುತ್ತಾನೆ. ಒಂದು ಮಹಾಪ್ರಾಣವು ಅಲ್ಪಪ್ರಾಣವಾದರೆ ವಿಮರ್ಶಕನು ಕಟುವಾಗಿ ಬರೆಯುತ್ತಾನೆ. ಆದರೆ ಅದೇ ಗ್ರಂಥಕರ್ತನು ಅದೇ ವಿಷಯವನ್ನು ಕುರಿತು ಸಾಹಿತ್ಯಸಂಘವೊಂದರ ವೇದಿಕೆಯಲ್ಲಿ ಒಂದು ಗಂಟೆ ಉಪನ್ಯಾಸಮಾಡಿ, ಸಂಘದವರು ಅದನ್ನು ವಿಡಿಯೊ ಹಿಡಿದು ಯೂಟ್ಯೂಬಿನಲ್ಲಿ ಪ್ರಕಟಿಸಿದಾಗ ಈ ಮರ್ಯಾದೆಯೆಲ್ಲವೂ ಎಲ್ಲಿಯೋ ಮಾಯವಾಗುತ್ತದೆ. ಚಿತ್ರದ ಕೆಳಗೆ ಬರತಕ್ಕ ಅಡಿಬರಹವು ಅನೇಕವೇಳೆ ಇರುವುದೇ ಇಲ್ಲ. ಇದ್ದರೂ ಯಂತ್ರವು ತನಗೆ ಕೇಳಿಸಿದಂತೆ ಗೀಚಿದ್ದು, ಯಾರೊಬ್ಬರೂ ಓದಿನೋಡದೆ ಹಾಗೆಯೇ ಉಳಿದಿರುತ್ತದೆ. ಷಟ್ಪದಿಯು ಶತಪದಿಯಾದರೂ, ಅಲಂಕಾರವು ಅಹಂಕಾರವಾದರೂ ಆಕ್ಷೇಪಿಸುವವರಿಲ್ಲ. ಕಿವಿ ಕೇಳುವವರಿಗೆ ಆ ಬರಹವು ಬೇಕಾಗಿಲ್ಲ. ಬೇಕಾದವರಿಗೆ ಉಪನ್ಯಾಸಕನು ನಿಜವಾಗಿ ಆಡಿದ್ದೇನೆಂಬುದು ಕೇಳಿಸುವುದಿಲ್ಲ. ತಪ್ಪನ್ನು ಕಂಡುಹಿಡಿಯಬಲ್ಲವನು ಒಬ್ಬ, ಅದರಿಂದ ಮೋಸಹೋಗುವವನು ಇನ್ನೊಬ್ಬ. ಈ ಅನ್ಯಾಯವು ಇಷ್ಟು ಸುಲಭವಾಗಿ ನಡೆದುಹೋಗುತ್ತಿರುವುದಕ್ಕೆ ಇದೇ ಕಾರಣ.

ಮೊದಲು ಪದದ ಅರ್ಥವನ್ನು ನಿಶ್ಚಯಿಸಿಕೊಳ್ಳುವುದು ಒಳ್ಳೆಯದು. ಚಿತ್ರದ ಅಡಿಯಲ್ಲಿ ಕಾಣುವ ಬರಹವೆಲ್ಲವನ್ನೂ ಜನರು ಸಬ್‌ಟೈಟಲ್ ಎಂದೇ ಕರೆಯುವುದುಂಟು. ಇದರಲ್ಲಿ ಎರಡು ಬಗೆ. ಜಪಾನೀ ಚಿತ್ರವನ್ನು ನೋಡುವ ಕನ್ನಡಿಗನಿಗೆ ಧ್ವನಿಯು ಕೇಳುತ್ತದೆ, ಭಾಷೆಯು ತಿಳಿಯದು; ಅವನಿಗೆ ಬೇಕಾದದ್ದು ಅನುವಾದ. ಕಿವಿ ಕೇಳಿಸದ ಕನ್ನಡಿಗನು ಕನ್ನಡದ ಚಿತ್ರವನ್ನೇ ನೋಡುವಾಗ ಭಾಷೆಯು ಅವನದೇ, ಧ್ವನಿಯು ಮಾತ್ರ ಇಲ್ಲ. ಅವನಿಗೆ ಬೇಕಾದದ್ದು ಆಡಿದ ಮಾತು ಆಡಿದಂತೆಯೇ, ಆಡಿದವರು ಯಾರೆಂಬ ಸೂಚನೆ, ಮಾತಲ್ಲದ ಸದ್ದುಗಳ ವಿವರ. ಈ ಎರಡನೆಯದಕ್ಕೆ ಕ್ಯಾಪ್ಷನ್ ಎಂದು ಹೆಸರು. ಇಲ್ಲಿ ಅಡಿಬರಹವೆಂದು ಹೇಳುವುದು ಇದನ್ನೇ. ಮೊದಲನೆಯದು ಇದ್ದರೆ ಎರಡನೆಯದೂ ಆದಂತಾಯಿತೆಂದು ಭ್ರಮಿಸಿದವರು ಕನ್ನಡ ಚಿತ್ರಕ್ಕೆ ಇಂಗ್ಲಿಷ್ ಸಬ್‌ಟೈಟಲ್ ಹಾಕಿ ಕನ್ನಡದ ಕಿವುಡರಿಗೆ ಉಪಕಾರಮಾಡಿದೆವೆಂದು ಹೆಮ್ಮೆಪಡುತ್ತಾರೆ. ಕನ್ನಡವನ್ನು ಓದಬಲ್ಲವನಿಗೆ ಕನ್ನಡದ ಮಾತನ್ನು ಇಂಗ್ಲಿಷಿನಲ್ಲಿ ಕೊಡುವುದು ಎಂತಹ ಉಪಕಾರವೋ ಅವರೇ ಹೇಳಬೇಕು.

ಚಲನಚಿತ್ರವು ಹುಟ್ಟಿದಾಗ ಈ ತೊಡಕೇ ಇರಲಿಲ್ಲ. 1913ರ ‘ರಾಜಾ ಹರಿಶ್ಚಂದ್ರ’ದಲ್ಲಿ ಮಾತಿರಲಿಲ್ಲ, ಕಥೆಯನ್ನು ತಿಳಿಸಲು ದೃಶ್ಯಗಳ ನಡುವೆ ಬರಹದ ಫಲಕಗಳು ಬರುತ್ತಿದ್ದವು. ಓದುಬಲ್ಲ ಕಿವುಡನೂ ಓದುಬಲ್ಲ ಇತರರೂ ಒಂದೇ ಬೆಂಚಿನ ಮೇಲೆ ಕುಳಿತು ಒಂದೇ ಕಥೆಯನ್ನು ಒಂದೇ ವೇಳೆಗೆ ಗ್ರಹಿಸಬಹುದಾಗಿತ್ತು. ಅಮೆರಿಕದಲ್ಲಿ 1927ರಲ್ಲಿ ‘ದಿ ಜಾಝ್ ಸಿಂಗರ್’ ಬಂದಿತು. ಮುಂಬಯಿಯಲ್ಲಿ 1931ರಲ್ಲಿ ‘ಆಲಂ ಆರಾ’, ಕನ್ನಡದಲ್ಲಿ 1934ರಲ್ಲಿ ‘ಸತೀ ಸುಲೋಚನಾ’. ಚಿತ್ರವು ಮಾತನಾಡಿತೆಂದು ಲೋಕವು ಸಂತೋಷಪಟ್ಟಿತು. ಮಾತು ಬಂದ ಕೂಡಲೆ ಬರಹವು ಬೇಡವಾಯಿತು. ಬರಹವು ಹೋದ ಕೂಡಲೆ ಕಿವುಡರ ಪಾಲಿಗೆ ಚಿತ್ರಮಂದಿರದ ಬಾಗಿಲು ಮುಚ್ಚಿತು. ಮೂಕಚಿತ್ರಗಳಲ್ಲಿ ನಟನಾಗಿದ್ದ ಎಮರ್ಸನ್ ರೊಮೆರೊ ಎಂಬಾತನು ಸ್ವತಃ ಕಿವುಡ. ಆತನು 1947ರಲ್ಲಿ ಮಾತಿನ ಚಿತ್ರಗಳ ಫಿಲ್ಮನ್ನು ಕತ್ತರಿಸಿ ನಡುನಡುವೆ ಬರಹದ ತುಣುಕುಗಳನ್ನು ಸೇರಿಸಿ ಕಿವುಡರ ಕೂಟಗಳಿಗೆ ಕಳುಹಿಸತೊಡಗಿದನು. ಅಂದಮೇಲೆ ಅಡಿಬರಹವೆಂಬುದು ಯಾರೋ ದಯೆಯಿಂದ ಹೊಸದಾಗಿ ಕೊಟ್ಟ ದಾನವಲ್ಲ. ಒಮ್ಮೆ ಎಲ್ಲರಿಗೂ ಇದ್ದು, ಕೆಲವರಿಂದ ಕಿತ್ತುಕೊಂಡದ್ದನ್ನು ಹಿಂದಿರುಗಿಸುವುದು. ಸಾಲವನ್ನು ತೀರಿಸುವವನು ದಾನಿಯೆನಿಸಿಕೊಳ್ಳುವುದು ಯಾವ ಧರ್ಮಶಾಸ್ತ್ರಕ್ಕೂ ಸಮ್ಮತವಲ್ಲ.

ಹಿಂದಿರುಗಿಸುವ ಕಾರ್ಯವು ನಿಧಾನವಾಗಿಯೇ ನಡೆಯಿತು. ಬಾಸ್ಟನ್ ನಗರದ ದೂರದರ್ಶನ ನಿಲಯವೊಂದು 1972ರಲ್ಲಿ ಜೂಲಿಯಾ ಚೈಲ್ಡ್ ಎಂಬಾಕೆಯ ಅಡುಗೆಯ ಕಾರ್ಯಕ್ರಮವನ್ನು ಅಡಿಬರಹದೊಡನೆ ಪ್ರಸಾರಮಾಡಿತು. ಬೇಕಾದವರು ಮಾತ್ರ ತೆರೆದುಕೊಂಡು ನೋಡಬಹುದಾದ ಅಡಿಬರಹವು ಅಮೆರಿಕದಲ್ಲಿ 1980ರಲ್ಲಿ ಮೊದಲಾಯಿತು. 1993ರಿಂದ ಅಲ್ಲಿ ತಯಾರಾಗುವ ಹದಿಮೂರು ಅಂಗುಲಕ್ಕೆ ಕಡಮೆಯಲ್ಲದ ಟೆಲಿವಿಷನ್‌ಗಳೆಲ್ಲವೂ ಇದನ್ನು ತೋರಿಸಲೇಬೇಕೆಂದಾಯಿತು. ಭಾರತದಲ್ಲಿ 2016ರ ಅಂಗವಿಕಲರ ಹಕ್ಕುಗಳ ಅಧಿನಿಯಮವು ದೃಶ್ಯಶ್ರವ್ಯ ಮಾಧ್ಯಮಗಳಲ್ಲಿ ಅಡಿಬರಹ, ಸಂಜ್ಞಾಭಾಷೆ ಮೊದಲಾದುವುಗಳ ಏರ್ಪಾಡಿಗೆ ಸರ್ಕಾರವು ಕ್ರಮಕೈಗೊಳ್ಳತಕ್ಕದ್ದೆಂದು 42ನೆಯ ಪ್ರಕರಣದಲ್ಲಿ ವಿಧಿಸಿತು. ಟೆಲಿವಿಷನ್ನಿಗೆ 2019ರಲ್ಲಿಯೂ ಚಿತ್ರಮಂದಿರಗಳಿಗೆ 2024ರಲ್ಲಿಯೂ ಮಾನದಂಡಗಳು ಹೊರಟವು. ಇಂತಹ ಸೌಲಭ್ಯಗಳ ನಿಯಮಗಳು ಬರಿಯ ಸಲಹೆಗಳಾಗಿದ್ದರೆ ಸಾಲದು, ಕಡ್ಡಾಯವಾಗಿರಬೇಕೆಂದು 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು. ಆದರೆ ಕಾನೂನು ತಾನಾಗಿ ಬಂದು ಅಡಿಬರಹವನ್ನು ಬರೆಯುವುದಿಲ್ಲ. ಬರೆಯತಕ್ಕವರು ಚಿತ್ರವನ್ನು ಪ್ರಕಟಿಸುವವರು. ಅವರಲ್ಲಿ ಕನ್ನಡದ ಸಾಹಿತ್ಯಸಂಘಗಳೂ ಸೇರಿವೆ.

ಇನ್ನು ಪೂರ್ವಪಕ್ಷಗಳನ್ನು ನೋಡಬೇಕು. ‘ಕಿವುಡರು ಎಷ್ಟು ಮಂದಿ? ಅವರಲ್ಲಿ ಸಾಹಿತ್ಯದ ಉಪನ್ಯಾಸವನ್ನು ನೋಡುವವರು ಎಷ್ಟು ಮಂದಿ?’ ಎಂಬುದು ಮೊದಲನೆಯ ಆಕ್ಷೇಪ. 2011ರ ಜನಗಣತಿಯು ಭಾರತದಲ್ಲಿ ಶ್ರವಣದೋಷವುಳ್ಳವರನ್ನು ಐವತ್ತು ಲಕ್ಷಕ್ಕೂ ಮಿಗಿಲೆಂದು ಎಣಿಸಿತು. ಇದಿರಲಿ; ಪ್ರಶ್ನೆ ಕೇಳುವ ಮಹನೀಯರು ತಮ್ಮ ಸಭೆಯ ಮುಂದಿನ ಸಾಲನ್ನೇ ಒಮ್ಮೆ ನೋಡಲಿ. ಅಲ್ಲಿ ಕುಳಿತು ಕಿವಿಯ ಹಿಂದೆ ಅಂಗೈಯನ್ನು ಹಿಡಿಯುವ ಹಿರಿಯರು ಎಷ್ಟು ಮಂದಿ? ವಯಸ್ಸಿನಿಂದ ಬರುವ ಕಿವುಡಿನಲ್ಲಿ ಮೊದಲು ಕುಂದುವುದು ಎತ್ತರದ ಶ್ರುತಿಯ ಸದ್ದುಗಳ ಗ್ರಹಣ. ಸ್ವರಗಳು ಕೇಳುತ್ತವೆ, ಸಕಾರ ಶಕಾರ ತಕಾರಗಳಂತಹ ವ್ಯಂಜನಗಳು ಕರಗಿಹೋಗುತ್ತವೆ. ಆದುದರಿಂದಲೇ ಅವರು ‘ಧ್ವನಿ ಕೇಳುತ್ತದೆ, ಮಾತು ತಿಳಿಯುವುದಿಲ್ಲ’ ಎನ್ನುವುದು. ಧ್ವನಿವರ್ಧಕವನ್ನು ಎಷ್ಟು ಎತ್ತರಿಸಿದರೂ ಈ ಕೊರತೆಯು ತುಂಬುವುದಿಲ್ಲ. ಎದುರಿಗೆ ಅಕ್ಷರವಿದ್ದರೆ ತುಂಬುತ್ತದೆ. ಐವತ್ತು ವರ್ಷ ಸಾಹಿತ್ಯಸಭೆಗಳಿಗೆ ತಪ್ಪದೆ ಬಂದವನು ಅರುವತ್ತೈದನೆಯ ವಯಸ್ಸಿನಲ್ಲಿ ಮನೆಯಲ್ಲಿ ಕುಳಿತು ಮೊಬೈಲಿನಲ್ಲಿ ಆ ಸಭೆಯನ್ನು ನೋಡಬಯಸಿದರೆ, ಬರಿಯ ತುಟಿಗಳ ಚಲನವನ್ನು ತೋರಿಸಿ ಕಳುಹಿಸುವುದು ಸಂಘದ ಕೃತಜ್ಞತೆಯೆ?

ಅಡಿಬರಹದ ಪ್ರಯೋಜನವು ಕಿವುಡರಲ್ಲಿಯೇ ನಿಲ್ಲುವುದೂ ಇಲ್ಲ. ಚಿತ್ರಗೀತೆಗಳ ಅಡಿಯಲ್ಲಿ ಅದೇ ಭಾಷೆಯ ಸಾಹಿತ್ಯವನ್ನು ತೋರಿಸಿದರೆ ಅರೆಬರೆ ಓದುಬಲ್ಲವರಿಗೆ ಓದು ಕೂಡಿಬರುತ್ತದೆಂಬ ಯೋಚನೆಯನ್ನು ಅಹಮದಾಬಾದಿನ ಐಐಎಂನಲ್ಲಿ ಬ್ರಿಜ್ ಕೊಠಾರಿಯವರು 1996ರಲ್ಲಿ ಮುಂದಿಟ್ಟರು. ದೂರದರ್ಶನದ ‘ಚಿತ್ರಹಾರ್’ ಕಾರ್ಯಕ್ರಮದಲ್ಲಿ ಅದು ಆಚರಣೆಗೂ ಬಂದಿತು. ಹೊರನಾಡಿನಲ್ಲಿ ಹುಟ್ಟಿ ಮನೆಮಾತಾಗಿ ಮಾತ್ರ ಕನ್ನಡವನ್ನು ಬಲ್ಲ ಮಕ್ಕಳಿಗೂ ಇದು ಅಕ್ಷರಾಭ್ಯಾಸವೇ. ಆದರೆ ಈ ಲಾಭಗಳನ್ನು ಮುಂದೊಡ್ಡಿ ಕಿವುಡರ ಹಕ್ಕನ್ನು ಸಮರ್ಥಿಸುವುದು ಯುಕ್ತವಲ್ಲ. ಬೇರೆ ಯಾರಿಗೂ ಕಾಸಿನಷ್ಟು ಲಾಭವಿಲ್ಲದಿದ್ದರೂ ಅವರ ಹಕ್ಕು ಹಕ್ಕೇ.

‘ಅವರಿಗೆ ಸಂಜ್ಞಾಭಾಷೆಯುಂಟಲ್ಲ’ ಎಂಬುದು ಎರಡನೆಯ ಆಕ್ಷೇಪ. ಉಂಟು, ಭಾರತೀಯ ಸಂಜ್ಞಾಭಾಷೆಯು ತನ್ನದೇ ವ್ಯಾಕರಣವುಳ್ಳ ಸ್ವತಂತ್ರ ಭಾಷೆ, ಅದಕ್ಕೆ ಸಲ್ಲತಕ್ಕ ಸ್ಥಾನವು ಸಲ್ಲಲೇಬೇಕು. ಆದರೆ ನಡುವಯಸ್ಸಿನ ಮೇಲೆ ಕಿವಿಯನ್ನು ಕಳೆದುಕೊಂಡವನಿಗೆ ಆ ಭಾಷೆ ಬಾರದು. ಬಲ್ಲವನಿಗೂ ಕನ್ನಡದ ಕವಿಯೊಬ್ಬನು ಪ್ರಯೋಗಿಸಿದ ಪದ ಯಾವುದೆಂದು ತಿಳಿಯಲು ಕನ್ನಡದ ಅಕ್ಷರವೇ ಬೇಕು. ಒಂದು ಇನ್ನೊಂದಕ್ಕೆ ಬದಲಾಗಲಾರದು.

‘ಯಂತ್ರವೇ ಬರೆಯುತ್ತದೆ, ಮನುಷ್ಯರ ಶ್ರಮವೇಕೆ?’ ಎಂಬುದು ಮೂರನೆಯ ಆಕ್ಷೇಪ. ಈಗ ಅತ್ಯಂತ ಪ್ರಬಲವಾಗಿರುವುದೂ ಇದೇ. ಮಾತನ್ನು ಕೇಳಿ ತಾನಾಗಿ ಬರೆಯುವ ಯಂತ್ರವು ಯೂಟ್ಯೂಬಿಗೆ 2009ರಲ್ಲಿ ಇಂಗ್ಲಿಷಿನ ಮಟ್ಟಿಗೆ ಬಂದಿತು. ಕನ್ನಡವನ್ನು ಕೇಳಿ ಬರೆಯುವ ಯಂತ್ರಗಳೂ ಈಗ ಉಂಟು. ಅವು ಕರಡನ್ನು ಸಿದ್ಧಪಡಿಸುವುದರಲ್ಲಿ ಸಹಾಯಕವೆಂಬುದನ್ನು ಅಲ್ಲಗಳೆಯುವುದು ಮೂರ್ಖತನ. ಆದರೆ ಕರಡನ್ನು ತಿದ್ದದೆ ಅಚ್ಚಿಗೆ ಕೊಡುವ ಸಂಪಾದಕನನ್ನು ಲೋಕವು ಏನೆಂದು ಕರೆಯುತ್ತದೆ? ಅಕ್ಷರಗಳು ಮೂಡಿದ ಮಾತ್ರಕ್ಕೆ ಅರ್ಥವು ಮೂಡುವುದಿಲ್ಲ. ವಾಕ್ಯದಿಂದ ಅರ್ಥಜ್ಞಾನವಾಗಬೇಕಾದರೆ ಸನ್ನಿಧಿ, ಆಕಾಂಕ್ಷೆ, ಯೋಗ್ಯತೆ ಎಂಬ ಮೂರು ಇರಬೇಕೆಂದು ತರ್ಕಸಂಗ್ರಹವನ್ನೋದಿದ ಬಾಲಕನೂ ಬಲ್ಲನು. ತಾತ್ಪರ್ಯಜ್ಞಾನವೆಂಬ ನಾಲ್ಕನೆಯದನ್ನು ನವ್ಯನೈಯಾಯಿಕರು ಸೇರಿಸುತ್ತಾರೆ. ಅಡಿಬರಹಗಳಲ್ಲಿ ಯಥಾರ್ಥತೆ, ಸಮಕಾಲತೆ, ಸಂಪೂರ್ಣತೆ, ಯುಕ್ತಸ್ಥಾನ ಎಂಬ ನಾಲ್ಕು ಗುಣಗಳಿರಬೇಕೆಂದು ಅಮೆರಿಕದ ಸಂಪರ್ಕ ಆಯೋಗವು 2014ರಲ್ಲಿ ನಿಯಮಮಾಡಿತು. ಭಾರತದ ಪಾಠಶಾಲೆಗಳಲ್ಲಿ ಶತಮಾನಗಳಿಂದ ಕಲಿಸುತ್ತ ಬಂದದ್ದಕ್ಕೂ ಇದಕ್ಕೂ ಬಹಳ ದೂರವಿಲ್ಲ. ಒಂದೊಂದನ್ನೇ ಪರೀಕ್ಷಿಸಬಹುದು.

ಸನ್ನಿಧಿಯೆಂದರೆ ಪದಗಳು ವಿಳಂಬವಿಲ್ಲದೆ ಒಂದಕ್ಕೊಂದು ಹತ್ತಿರವಾಗಿ ಬರುವುದು. ಒಂದು ಪದವನ್ನು ಈಗ, ಇನ್ನೊಂದನ್ನು ಒಂದು ಜಾವದ ಮೇಲೆ ಹೇಳಿದರೆ ವಾಕ್ಯವಾಗುವುದಿಲ್ಲವೆಂದು ಶಾಸ್ತ್ರಕಾರರು ಉದಾಹರಿಸುತ್ತಾರೆ. ಅಡಿಬರಹದಲ್ಲಿ ಸನ್ನಿಧಿಯು ಮಾತಿಗೂ ಚಿತ್ರಕ್ಕೂ ಇರಬೇಕು. ಒಗ್ಗರಣೆಗೆ ಸಾಸುವೆಯನ್ನು ಹಾಕೆಂಬ ಮಾತು ಬಾಣಲೆಯನ್ನು ಒಲೆಯಿಂದಿಳಿಸಿದ ಮೇಲೆ ಬಂದರೆ ಫಲವೇನು? ಹರಿಕಥೆಯ ದಾಸರು ಹಾಸ್ಯದ ಕೊನೆಯ ಮಾತನ್ನು ಆಡುವುದಕ್ಕೆ ಮೊದಲೇ ಅದು ತೆರೆಯ ಮೇಲೆ ಮೂಡಿದರೆ ನಗೆಯು ಸತ್ತುಹೋಗುತ್ತದೆ. ಸಭೆಯೆಲ್ಲವೂ ನಕ್ಕು ಮುಗಿಸಿದ ಮೇಲೆ ಮೂಡಿದರೆ ಓದುವವನು ಒಂಟಿಯಾಗುತ್ತಾನೆ. ಮಾತು ತೊಡಗಿದಾಗ ಬರಹವು ತೊಡಗಬೇಕು, ಓದಿ ಮುಗಿಸುವಷ್ಟು ಹೊತ್ತು ನಿಲ್ಲಬೇಕು, ಮಾತು ಮುಗಿದಾಗ ಸರಿಯಬೇಕು.

ಆಕಾಂಕ್ಷೆಯೆಂದರೆ ಒಂದು ಪದವು ಇನ್ನೊಂದನ್ನು ಬಯಸುವುದು. ಕನ್ನಡದಲ್ಲಿ ಕ್ರಿಯಾಪದವು ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ, ನಿಷೇಧವೂ ಕೊನೆಗೇ. ಆದುದರಿಂದ ಸಾಲನ್ನು ಎಲ್ಲಿ ಮುರಿಯಬೇಕೆಂಬುದು ಇಂಗ್ಲಿಷಿಗಿಂತ ಕನ್ನಡದಲ್ಲಿ ಹೆಚ್ಚು ವಿಚಾರಕ್ಕೆ ತಕ್ಕದ್ದು. ವೈದ್ಯರೊಬ್ಬರು ‘ಈ ಗುಳಿಗೆಯನ್ನು ಬರಿಯ ಹೊಟ್ಟೆಯಲ್ಲಿ ತೆಗೆದುಕೊಳ್ಳಬಾರದು’ ಎಂದರೆ, ಯಂತ್ರವು ಅಕ್ಷರಗಳನ್ನೆಣಿಸಿ ‘ಈ ಗುಳಿಗೆಯನ್ನು ಬರಿಯ ಹೊಟ್ಟೆಯಲ್ಲಿ ತೆಗೆದುಕೊಳ್ಳ’ ಎಂಬಲ್ಲಿ ಒಂದು ಫಲಕವನ್ನು ಮುಗಿಸಿ, ‘ಬಾರದು’ ಎಂಬುದನ್ನು ಮುಂದಿನ ವಾಕ್ಯದ ತಲೆಗೆ ಕಟ್ಟಿಬಿಡಬಹುದು. ಅಷ್ಟರಲ್ಲಿ ಓದುವವನ ಕಣ್ಣು ವೈದ್ಯರ ಕೈಯಲ್ಲಿರುವ ಗುಳಿಗೆಯ ಮೇಲೆ ಹೋಗಿದ್ದರೆ ನಿಷೇಧವು ವಿಧಿಯಾಯಿತು. ಒಂದು ಫಲಕಕ್ಕೆ ಎರಡು ಸಾಲು ಮೀರಬಾರದು, ಪದವನ್ನು ಒಡೆಯಬಾರದು, ವಿಶೇಷಣವನ್ನು ವಿಶೇಷ್ಯದಿಂದಲೂ, ಕ್ರಿಯೆಯನ್ನು ಅದರ ನಿಷೇಧದಿಂದಲೂ ಅಗಲಿಸಬಾರದು. ವೇದದ ಪದಪಾಠವನ್ನು ಕಟ್ಟಿದವರ ನಾಡಿನಲ್ಲಿ ಪದವನ್ನು ಎಲ್ಲಿ ಬಿಡಿಸಬೇಕೆಂಬುದನ್ನು ಹೊಸದಾಗಿ ಹೇಳಿಕೊಡಬೇಕಾಗಿ ಬಂದಿರುವುದು ವಿಷಾದಕರ.

ಯೋಗ್ಯತೆಯೆಂದರೆ ಅರ್ಥಗಳು ಒಂದಕ್ಕೊಂದು ಹೊಂದುವುದು. ಬೆಂಕಿಯಿಂದ ನೆನೆಸೆಂದರೆ ವ್ಯಾಕರಣವು ಸರಿಯಿದ್ದರೂ ಅರ್ಥವು ಬಾಧಿತವಾಗುತ್ತದೆ. ಯಂತ್ರಕ್ಕೆ ಈ ಬಾಧೆಯು ತಟ್ಟುವುದೇ ಇಲ್ಲ. ಹಕಾರವನ್ನು ಬಿಟ್ಟು ಉಚ್ಚರಿಸುವ ಊರುಗಳಲ್ಲಿ ಹಾಲು ಆಲಾದರೆ ಅದು ಆಲದ ಮರವನ್ನೇ ಕಾಯಿಸಿ ಕುಡಿಸಿಬಿಟ್ಟೀತು. ವ್ಯಕ್ತಿನಾಮ, ಊರ ಹೆಸರು, ಛಂದಸ್ಸಿನ ಪರಿಭಾಷೆ, ಹಳಗನ್ನಡದ ಪದ್ಯ, ಔಷಧದ ಪ್ರಮಾಣ ಇವುಗಳಲ್ಲಿ ಅದನ್ನು ಸರ್ವಥಾ ನಂಬಲಾಗದು; ಮನುಷ್ಯನೇ ಓದಿ ತಿದ್ದಬೇಕು. ಆದರೆ ತಿದ್ದುವವನು ವಕ್ತಾರನನ್ನೇ ತಿದ್ದಲು ಹೊರಡಬಾರದು. ಧಾರವಾಡದ ಅಜ್ಜಿಯು ‘ಬರಾಕತ್ತೀನಿ’ ಎಂದರೆ ‘ಬರುತ್ತಿದ್ದೇನೆ’ ಎಂದು ಬರೆಯುವುದು ಶಿಷ್ಟತೆಯಲ್ಲ, ಆಕೆಯ ಬಾಯಿಯನ್ನು ಕಟ್ಟುವುದು. ಕಿವಿಯುಳ್ಳವನಿಗೆ ದೊರೆತ ಆ ಸೊಗಸು ಕಿವುಡನಿಗೂ ದೊರೆಯಬೇಕು. ಅಸಭ್ಯವೆಂದು ತೋರಿದ ಮಾತನ್ನು ಅಡಿಬರಹದಲ್ಲಿ ಮಾತ್ರ ನುಂಗಿಬಿಡುವುದೂ ಹೀಗೆಯೇ. ವಯಸ್ಕನಾದ ಕಿವುಡನಿಗೆ ರಕ್ಷಕನಾಗೆಂದು ಲಿಪಿಕಾರನನ್ನು ಯಾರು ನೇಮಿಸಿದರು? ಮಾತು ಅತಿವೇಗವಾಗಿದ್ದಾಗ ತಡವರಿಕೆಗಳನ್ನೂ ಪುನರುಕ್ತಿಗಳನ್ನೂ ಬಿಡಬಹುದು. ಅದಕ್ಕಿಂತ ಮುಂದೆ ಹೋಗಲಾಗದು.

ಕೊನೆಯದು ತಾತ್ಪರ್ಯ. ಸೈಂಧವವನ್ನು ತಾ ಎಂದರೆ ಊಟದ ಎಲೆಯ ಮುಂದೆ ಉಪ್ಪು, ಪ್ರಯಾಣಕ್ಕೆ ಹೊರಟವನ ಬಾಯಲ್ಲಿ ಕುದುರೆ. ಇದನ್ನು ತಿಳಿಸುವುದು ಸಂದರ್ಭ. ಸಂದರ್ಭದ ಅರ್ಧವು ಕಣ್ಣಿಗೂ ಅರ್ಧವು ಕಿವಿಗೂ ಸೇರಿದ್ದು. ಕಿವಿಯ ಅರ್ಧವನ್ನು ಅಡಿಬರಹವೇ ಕೊಡಬೇಕು. ತಾಳಮದ್ದಳೆಯ ವಿಡಿಯೊವನ್ನು ತೆಗೆದುಕೊಳ್ಳಬಹುದು. ವೇಷವಿಲ್ಲ, ಕುಣಿತವಿಲ್ಲ, ಅರ್ಥಧಾರಿಗಳು ಸಾಲಾಗಿ ಕುಳಿತು ಮಾತಿನಿಂದಲೇ ಯುದ್ಧಮಾಡುತ್ತಾರೆ. ಕೃಷ್ಣನ ಮಾತಾವುದು, ಕೌರವನ ಮಾತಾವುದು, ಭಾಗವತರ ಪದವಾವುದು ಎಂದು ಹೆಸರು ಹಾಕದೆ ಮಾತುಗಳನ್ನಷ್ಟೇ ಸುರಿದರೆ ಓದುವವನಿಗೆ ಯಾರು ಗೆದ್ದರೆಂಬುದೇ ತಿಳಿಯದು. ಸ್ವರದ ವಿಷಯವೂ ಹಾಗೆಯೇ. ‘ಇಂದ್ರಶತ್ರು’ ಎಂಬ ಒಂದೇ ಪದದಲ್ಲಿ ಸ್ವರವು ತಪ್ಪಿದ್ದರಿಂದ, ಇಂದ್ರನನ್ನು ಕೊಲ್ಲಬೇಕಾಗಿದ್ದ ವೃತ್ರನು ಇಂದ್ರನಿಂದಲೇ ಸತ್ತ ಕಥೆಯನ್ನು ಶಿಕ್ಷಾಶಾಸ್ತ್ರವನ್ನೋದಿದವರೆಲ್ಲರೂ ಬಲ್ಲರು. ‘ಬಹಳ ಒಳ್ಳೆಯವನು’ ಎಂಬ ಮಾತು ಹೊಗಳಿಕೆಯೂ ಆಗಬಹುದು, ಬೈಗಳೂ ಆಗಬಹುದು. ವ್ಯಂಗ್ಯವು ಮುಖದಲ್ಲಿ ಕಾಣದೆ ಧ್ವನಿಯಲ್ಲಿ ಮಾತ್ರ ಇದ್ದರೆ ಆವರಣದೊಳಗೆ ‘ವ್ಯಂಗ್ಯವಾಗಿ’ ಎಂಬ ಒಂದು ಪದವನ್ನು ಸೇರಿಸುವುದು ಕರ್ತವ್ಯ.

ಮಾತಲ್ಲದ ಸದ್ದಿನ ವಿಷಯದಲ್ಲಿ ಕನ್ನಡದ ಅಡಿಬರಹಗಳ ದಾರಿದ್ರ್ಯವು ಆಶ್ಚರ್ಯಕರವಾದುದು. ಎಲ್ಲಕ್ಕೂ ‘ಸಂಗೀತ’ ಎಂಬ ಒಂದೇ ಪದ. ಮದುವೆಯ ಓಲಗವೂ ಸಂಗೀತ, ಸಾವಿನ ಮನೆಯ ತಮಟೆಯೂ ಸಂಗೀತ, ಚೆಂಡೆಯ ಪೆಟ್ಟೂ ಸಂಗೀತ! ಅನುಕರಣಾವ್ಯಯವೆಂಬ ವರ್ಗವನ್ನೇ ವ್ಯಾಕರಣದಲ್ಲಿ ಇಟ್ಟುಕೊಂಡಿರುವ ಭಾಷೆ ಇದು. ಹೊಳೆಯ ಜುಳುಜುಳು, ಗುಡುಗಿನ ಗುಡುಗುಡು, ಎಲೆಗಳ ಸರಸರ, ಹೆಜ್ಜೆಯ ದಡದಡ, ಬೆಂಕಿಯ ಚಟಚಟ: ಇಷ್ಟು ಸಂಪತ್ತು ಮನೆಯಲ್ಲಿರುವಾಗ ‘ಶಬ್ದ’ ಎಂದು ಬರೆದು ಕೈತೊಳೆದುಕೊಳ್ಳುವುದು ಸೋಮಾರಿತನವಲ್ಲದೆ ಮತ್ತೇನು? ಹಾಗೆಂದು ಕಂಡ ಸದ್ದನ್ನೆಲ್ಲ ಬರೆಯಬೇಕಾಗಿಯೂ ಇಲ್ಲ. ಕಥೆಗೆ ಬೇಕಾದದ್ದನ್ನು, ಕಣ್ಣಿಗೆ ಕಾಣದೆ ಇರುವುದನ್ನು ಬರೆದರೆ ಸಾಕು. ತೆರೆಯ ಮೇಲೆ ನಾಯಿಯು ಬೊಗಳುತ್ತಿರುವುದು ಕಾಣುತ್ತಲೇ ಇದೆ. ಮುಚ್ಚಿದ ಬಾಗಿಲಿನ ಹಿಂದೆ ಮಗುವು ಅಳುತ್ತಿರುವುದು ಕಾಣದು. ಅದನ್ನು ಬರೆಯಬೇಕು. ಬರೆದದ್ದು ಓದಲು ಬರುವಂತೆಯೂ ಇರಬೇಕು: ಕನ್ನಡದ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಸಾಲುಗಳ ನಡುವೆ ಎಡೆಯಿರಬೇಕು, ಅಕ್ಷರದ ಹಿಂದೆ ಕಪ್ಪು ಪಟ್ಟಿಯಿರಬೇಕು, ಮಾತನಾಡುವವನ ತುಟಿಗಳನ್ನಾಗಲಿ ಚಿತ್ರದಲ್ಲಿ ಮೊದಲೇ ಇರುವ ಬರಹವನ್ನಾಗಲಿ ಮುಚ್ಚಬಾರದು.

‘ಇಷ್ಟು ಶ್ರಮಪಡಬೇಕಾದರೆ ವಿಡಿಯೊಗಳನ್ನು ಪ್ರಕಟಿಸುವುದನ್ನೇ ನಿಲ್ಲಿಸುತ್ತೇವೆ’ ಎಂಬುದು ಕೊನೆಯ ಆಕ್ಷೇಪ. ಇದನ್ನು ಒಂದು ದೊಡ್ಡ ವಿಶ್ವವಿದ್ಯಾನಿಲಯವೇ ಮಾಡಿ ತೋರಿಸಿದೆ. ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ ಉಚಿತವಾಗಿ ಪ್ರಕಟವಾಗಿದ್ದ ಪಾಠಗಳಿಗೆ ಅಡಿಬರಹವಿಲ್ಲವೆಂದು ಕಿವುಡರಾದ ಇಬ್ಬರು ದೂರಿತ್ತರು. ಅಲ್ಲಿನ ನ್ಯಾಯ ಇಲಾಖೆಯು 2016ರಲ್ಲಿ ದೂರನ್ನು ಎತ್ತಿಹಿಡಿಯಿತು. ವಿಶ್ವವಿದ್ಯಾನಿಲಯವು 2017ರಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚಿನ ಪಾಠಗಳನ್ನು ಸಾರ್ವಜನಿಕರ ಕಣ್ಣಿನಿಂದ ಹಿಂತೆಗೆದುಕೊಂಡಿತು. ಆಗ ಅನೇಕರು ದೂರಿತ್ತವರನ್ನೇ ಹಳಿದರು: ಅವರಿಂದ ಎಲ್ಲರಿಗೂ ನಷ್ಟವಾಯಿತಂತೆ! ಪಂಕ್ತಿಯಲ್ಲಿ ಒಬ್ಬನಿಗೆ ಎಲೆ ಹಾಕಲಿಲ್ಲವೆಂದು ಅವನು ಕೇಳಿದರೆ ಊಟವನ್ನೇ ನಿಲ್ಲಿಸಿದ ಯಜಮಾನನನ್ನು ಬಿಟ್ಟು, ಹಸಿದು ಕೇಳಿದವನನ್ನು ಬೈಯುವುದು ಯಾವ ನ್ಯಾಯ? ಕಡೆಗೆ 2022ರಲ್ಲಿ ಆ ವಿಶ್ವವಿದ್ಯಾನಿಲಯವೂ ತನ್ನ ವಿಡಿಯೊಗಳಿಗೆ ಅಡಿಬರಹವನ್ನು ಒದಗಿಸುವ ಕರಾರಿಗೆ ಒಪ್ಪಬೇಕಾಯಿತು. ಬೆದರಿಕೆಯು ಉತ್ತರವಾಗಲಿಲ್ಲ, ಕೆಲಸವನ್ನು ಮುಂದಕ್ಕೆ ಹಾಕಿದಂತಾಯಿತು, ಅಷ್ಟೆ.

ಜಿಲ್ಲಾ ಸಾಹಿತ್ಯಸಂಘಗಳಿಗೆ ಈ ಕೆಲಸವು ಅಸಾಧ್ಯವೂ ಅಲ್ಲ. ಅನೇಕ ಉಪನ್ಯಾಸಕರು ಬರೆದುಕೊಂಡೇ ಬರುತ್ತಾರೆ. ಆ ಹಸ್ತಪ್ರತಿಯನ್ನು ಕೇಳಿ ಪಡೆಯಬಹುದು. ಇಲ್ಲದಿದ್ದರೆ ಯಂತ್ರದಿಂದ ಕರಡನ್ನು ಪಡೆದು, ಕರಡಚ್ಚು ತಿದ್ದಿ ಅಭ್ಯಾಸವಿರುವ ಸದಸ್ಯರು ಹತ್ತು ಹತ್ತು ನಿಮಿಷದ ಭಾಗವನ್ನು ಹಂಚಿಕೊಂಡು ತಿದ್ದಬಹುದು. ಬೇಕಾದ ಕಡತವು ಬಲು ಸರಳ. ಎಸ್‌ಆರ್‌ಟಿ ಎಂಬ ಬಗೆಯಲ್ಲಿ ಕ್ರಮಸಂಖ್ಯೆ, ಫಲಕವು ತೊಡಗುವ ಮತ್ತು ಮುಗಿಯುವ ಕಾಲ, ಅದರ ಕೆಳಗೆ ಮಾತು, ಇಷ್ಟೇ ಇರುವುದು. ಒಂದು ಗಂಟೆಯ ಉಪನ್ಯಾಸಕ್ಕೆ ಹಲವು ಗಂಟೆಗಳ ದುಡಿಮೆಯಾಗುವುದು ನಿಜ. ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆಗಳಿಗೆ ಹಣವನ್ನೂ ಹೊತ್ತನ್ನೂ ವೆಚ್ಚಮಾಡುವವರು ಮಾತಿಗಾಗಿ ಅಷ್ಟು ಹೊತ್ತನ್ನು ವೆಚ್ಚಮಾಡಲಾರೆವೆಂದರೆ, ಅವರಿಗೆ ಸಾಹಿತ್ಯಕ್ಕಿಂತ ಶಾಲು ಹೆಚ್ಚೆಂದು ತಿಳಿಯಬೇಕಾಗುತ್ತದೆ.

ಆದಕಾರಣ ಕನ್ನಡದ ಹೆಸರಿನಲ್ಲಿ ನಡೆಯುವ ಪ್ರತಿಯೊಂದು ಸಂಸ್ಥೆಯೂ ಇನ್ನು ಮುಂದೆ ತಿದ್ದಿದ ಕನ್ನಡ ಅಡಿಬರಹವಿಲ್ಲದೆ ಯಾವ ವಿಡಿಯೊವನ್ನೂ ಪ್ರಕಟಿಸುವುದಿಲ್ಲವೆಂದು ತನ್ನ ಮುಂದಿನ ಕಾರ್ಯಕಾರಿ ಸಮಿತಿಯಲ್ಲಿಯೇ ನಿರ್ಣಯಮಾಡತಕ್ಕದ್ದು. ಹಳೆಯ ವಿಡಿಯೊಗಳಿಗೆ ವರ್ಷಕ್ಕೆ ಇಷ್ಟೆಂದು ಗೊತ್ತುಮಾಡಿಕೊಂಡು ಅಡಿಬರಹವನ್ನು ಒದಗಿಸತಕ್ಕದ್ದು. ಬರೆದದ್ದನ್ನು ಪ್ರಕಟಿಸುವುದಕ್ಕೆ ಮೊದಲು ಊರಿನಲ್ಲಿರುವ ಕಿವಿ ಕೇಳಿಸದ ಒಬ್ಬರಿಗಾದರೂ ತೋರಿಸಿ ‘ತಿಳಿಯಿತೆ?’ ಎಂದು ವಿಚಾರಿಸತಕ್ಕದ್ದು. ಅವರು ತಿಳಿಯಿತೆಂದ ದಿನ ಆ ಉಪನ್ಯಾಸವು ಪ್ರಕಟವಾಯಿತೆಂದು ಬರೆದುಕೊಳ್ಳಬಹುದು.